ಬಾಟ್ಲಿ ತೊಳೆದವನ ಸಾಕ್ಷಿ

ದವಾಖಾನೆ ಅಂದಮೇಲೆ ಎಡವಟ್ಟು ದಿನಾ ಇದ್ದದ್ದೇ. ಆದರೆ ಎರಡನೇ ಮಹಾಯುದ್ಧಕ್ಕೂ ಮುಂಚೆ, ಮುಂಬಯಿ ಸರ್ಕಾರದ ಕಾಲದಲ್ಲಿ, ನಾನು ಶಿರಸಿಯ ದವಾಖಾನೆಯಲ್ಲಿ ಬಾಟ್ಲಿ ತೊಳೆಯುತ್ತಿದ್ದಷ್ಟು ವರ್ಷ ಒಂದೇ ಒಂದು ಜೀವ ತಪ್ಪು ಔಷಧಿಯಿಂದ ಹೋಗಲಿಲ್ಲ. ಕಾರಣ ನಾನು. ಅಲ್ಲ ಅನ್ನುವವರು ಯಾರೂ ಈಗ ಉಳಿದಿಲ್ಲ. ನಾನು ಹೇಳುತ್ತೇನೆ, ಮೊಮ್ಮಗಳು ಬರೆದುಕೊಳ್ಳುತ್ತಾಳೆ.

೧. ಆರು ಹಲ್ಲಿನ ಪಟ್ಟಿ

ಆಗ ಬಾಟ್ಲಿಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಒಂದು ಹಲ್ಲು, ಒಂದು ಹೊತ್ತಿನ ಔಷಧಿ. ನಿಲ್ಕುಂದದ ಹೆಗಡೇರು ಜ್ವರಕ್ಕೆ ಆರು ಹಲ್ಲಿನ ಬಾಟ್ಲಿ ಒಯ್ದವರು ಮರುದಿನವೇ ಖಾಲಿ ಬಾಟ್ಲಿ ತಂದರು.

"ಒಂದೇ ದಿನಕ್ಕೆ ಕುಡಿದಿರಾ?" ನರ್ಸಮ್ಮ ಗಾಬರಿಯಾದರು.

"ಪ್ಯಾಟೆಯಿಂದ ತಂದದ್ದು ಹಂಚದೆ ಆನೊಬ್ಬನೇ ಕುಡಿತ್ನಿಲ್ಲೆ. ಮನೇಲಿ ಆರು ಜನ, ಆರು ಹಲ್ಲು, ಸಮ ಬಂತು. ಉಳಿದ ಐದು ಜನ ಆರಾಮಿದ್ದ. ಎಂಗೊಬ್ಬಂಗೇ ಜ್ವರ ಬಿಟ್ಟಿದ್ದಿಲ್ಲೆ."

ಅವತ್ತಿನಿಂದ ನರ್ಸಮ್ಮನ ಕಾಯಿದೆ: ಯಾರಿಗೆ, ಎಷ್ಟು, ಯಾವಾಗ ಅಂತ ಒಯ್ಯುವವರು ಬಾಯಿಬಿಟ್ಟು ಒಪ್ಪಿಸದೆ ಬಾಟ್ಲಿ ಹೊರಗೆ ಹೋಗುವಂತಿಲ್ಲ.

೨. ಗೀರಿನ ಬಾಟ್ಲಿ

ಅರಬೈಲ್ ಘಟ್ಟದಲ್ಲಿ ಮೋಟಾರು ಓಡಿಸುವ ಯಲ್ಲಾಪುರದ ಸಾಹೇಬರು ಸೊಂಟಕ್ಕೆ ಹಚ್ಚುವ ಎಣ್ಣೆಗೆ ಜೇನಿನ ಬಾಟ್ಲಿ ತಂದರು. ಕಂಪೌಂಡರು ಮುಟ್ಟಲಿಲ್ಲ. "ಇದು ನಾಳೆ ಯಾರದೋ ರೊಟ್ಟಿಗೆ ಬೀಳ್ತದೆ" ಅಂದು ಮೈಯೆಲ್ಲ ಉಬ್ಬು ಗೀರಿದ್ದ ನೀಲಿ ಬಾಟ್ಲಿಗೆ ಹುಯ್ದುಕೊಟ್ಟರು. "ಕೈಗೆ ಗೀರು ಸಿಕ್ಕರೆ ವಿಷ ಅಂತ ತಿಳೀರಿ, ಬಾಯಿಗೆ ಬೇಡ."

ವಾರ ಬಿಟ್ಟು ಸಾಹೇಬರು ಬಂದರು, ಸೊಂಟ ಹಿಡಿದುಕೊಂಡೇ. "ಬೀವಿಗೆ ನೀವು ಹೇಳಿದ್ದೇ ಹೇಳಿದೆ. ಪೆಟ್ಟಿಗೇಲಿಟ್ಟು ಬೀಗ ಹಾಕಿದಾಳೆ. ಚಾವಿ ಕೊಡ್ತಾ ಇಲ್ಲ."

೩. ಡಾಕ್ಟರ ಪಾಠ

ಅದೇ ಹೆಗಡೇರು ಒಂದು ದಿನ ಮೊಮ್ಮಗುವನ್ನು ಎತ್ತಿಕೊಂಡು ಬಂದರು. ಎರಡು ತಿಂಗಳ ಕೂಸು, ಭೇದಿ. ಡಾಕ್ಟರು ಅಫೀಮು ಬೆರೆತ ಔಷಧಿ ಬರೆದರು. ಎರಡು ಹನಿ ಬರೆಯುವ ಕಡೆ ಎರಡು ಚಮಚ. ಕೊಟ್ಟಿದ್ದರೆ ಕೂಸು ಮತ್ತೆ ಏಳುತ್ತಿರಲಿಲ್ಲ.

ಚೀಟಿಯ ಮೇಲೆ ಮೊದಲು ಬೆರಳಿಟ್ಟವನು ನಾನು. ಕಂಪೌಂಡರ ಕೈ ನಿಂತಿತು. ಡಾಕ್ಟರಿಗೆ ತಪ್ಪು ಅನ್ನುವ ಧೈರ್ಯ ಆ ಕಾಲದಲ್ಲಿ ಯಾರಿಗಿತ್ತು? ನರ್ಸಮ್ಮ ಚೀಟಿ ಹಿಡಿದು ಒಳಗೆ ಹೋದರು.

"ಕಂಪೌಂಡರಿಗೆ ಇವತ್ತು ಕಣ್ಣು ಮಂಜಂತೆ. ಒಂದ್ಸಲ ಓದಿ ಹೇಳ್ತೀರಾ?"

"ಎರಡು ಚಮ..." ಡಾಕ್ಟರು ಅಲ್ಲಿಗೇ ನಿಂತರು. ಹೊಡೆದುಹಾಕಿ ಹನಿ ಅಂತ ಬರೆದರು. "ಅವನಿಗೆ ಕನ್ನಡಕ ಬದಲಾಯಿಸೋಕೆ ಹೇಳು."

ಕಂಪೌಂಡರು ಹೂಂ ಅಂದು, ಅದೇ ಕನ್ನಡಕ ಒರೆಸಿಕೊಂಡು, ಹನಿ ಎಣಿಸಿದರು. ಕೂಸು ಉಳಿಯಿತು.

ಇಲ್ಲಿಗೆ ಮೊಮ್ಮಗಳು ಬರೆಯುವುದು ನಿಲ್ಲಿಸಿದಳು. "ಅಜ್ಜಾ, ಓದಲಿಕ್ಕೆ ಬರೆಯಲಿಕ್ಕೆ ಬರದೆ ಇದನ್ನ ನನ್ನ ಕೈಲಿ ಬರೆಸ್ತಾ ಇದ್ದೀಯ. ಆ ಚೀಟಿ ಹ್ಯಾಗೆ ಓದಿದೆ? ಅದೂ ಡಾಕ್ಟರ ಅಕ್ಷರ."

ನಾನು ಭುಜ ಕುಣಿಸಿದೆ. "ಬಾಟ್ಲಿ ತೊಳೆದದ್ದಂತೂ ನಾನೇ. ಅಷ್ಟು ಬರಿ."