ನೆನೆಯಬಾರದ ಗಿಟಾರು

ಸೆನನ್ ಸತ್ತಿದ್ದು ಮಂಗಳವಾರ. ಮಳೆ ಹಿಡಿದಿದ್ದು ಬುಧವಾರ. ಗುರುವಾರ ಅವನನ್ನು ಮಣ್ಣು ಮಾಡುವ ದಿನ ಬೆಳಗಾದರೂ ಅದು ನಿಂತಿರಲಿಲ್ಲ. ಐರ್ಲೆಂಡಿನ ಕ್ಲೇರ್ ಸೀಮೆಯಲ್ಲಿ ಮಳೆಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಅಂಚೆಯ ಮ್ಯಾಲಕಿ ಮಾತ್ರ ಕಿಟಕಿಗೆ ಮೂಗು ಒತ್ತಿ, ಬಾಗಿಲಿಗೆ ಬಂದ ಪೊಲೀಸಿನವನನ್ನು ನೋಡುವ ಹಾಗೆ ಮಳೆಯನ್ನು ನೋಡುತ್ತಿದ್ದ. ಹಿಂದೆ ಮಂಚದ ಮೇಲೆ ಎರಡು ಕಂಬಳಿ ಹೊದ್ದು ಅವನ ಗಿಟಾರು ಮಲಗಿತ್ತು.

ಮೊದಲು ಅವನ ಹತ್ತಿರ ನಾಲ್ಕಿದ್ದವು. ಅಡಿಗೆಮನೆಗೊಂದು, ಅಂಚೆಯ ಗಾಡಿಗೊಂದು, ಪಬ್ಬಿಗೊಂದು, ಕುಡಿದವರು ಯಾರಾದರೂ ಒಂದರ ಮೇಲೆ ಕೂತುಬಿಟ್ಟರೆ ಇರಲಿ ಅಂತ ಇನ್ನೊಂದು. ನಾಲ್ಕೂ ಅಗ್ಗದವು, ನಾಲ್ಕರದೂ ತಗಡಿನ ದನಿ. ಕಳೆದ ಚಳಿಗಾಲ ಅವನ್ನೆಲ್ಲ ಊರವರಿಗೆ ಹಂಚಿ, ಹನ್ನೊಂದು ವರ್ಷದ ಉಳಿತಾಯ ಸುರಿದು, ಕಾರ್ಕ್ ಊರಿನ ಕುಶಲಕರ್ಮಿಯೊಬ್ಬನ ಕೈಯಲ್ಲಿ ಇದನ್ನು ಮಾಡಿಸಿಕೊಂಡ. ಆತ ಮೂರೇ ಮಾತು ಹೇಳಿ ಕಳಿಸಿದ್ದ: ಬಿಸಿಲಿಗೆ ಇಡಬೇಡ, ಬೆಂಕಿಯ ಹತ್ತಿರ ಇಡಬೇಡ, ನೆನೆಸಬೇಡ. ಐರ್ಲೆಂಡಿನಲ್ಲಿ ನೆನೆಸಬೇಡ ಅನ್ನುವುದೂ ಒಂದೇ, ಮೀನಿಗೆ ಮೈ ಒರೆಸಿಕೋ ಅನ್ನುವುದೂ ಒಂದೇ.

ಮೂವತ್ತು ವರ್ಷ ಒಂದೇ ಮೂಲೆಯಲ್ಲಿ ಜೊತೆಗೆ ಕೂತು ಪಿಟೀಲು ನುಡಿಸಿದ ಸೆನನ್ ಅಂದೇ ನಕ್ಕಿದ್ದ. "ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ ಅಂತಾರೆ. ಒಂದೇ ಗಿಟಾರು ಅಂದ್ರೆ ಅದು ಕಾಯಿಲೆ ಬಿದ್ದ ಅತ್ತೆ ಕಣೋ. ಬಿಟ್ಟು ಹೋಗೋ ಹಾಗಿಲ್ಲ, ಕರ್ಕೊಂಡು ಹೋಗೋ ಹಾಗೂ ಇಲ್ಲ."

ಅದೇ ಸೆನನ್ ಹಾಸಿಗೆ ಹಿಡಿದ ಮೇಲೆ ಕೈ ಹಿಡಿದು ಕೇಳಿದ್ದ: "ಗುಂಡಿ ಹತ್ರ ನಿಂತು ನಮ್ಮ ಆ ನಿಧಾನದ ರಾಗ ನುಡಿಸ್ತೀಯಾ?"

"ಆಣೆ ಮಾಡಿ ಹೇಳ್ತೀನಿ, ನುಡಿಸ್ತೀನಿ."

ಸತ್ತವನಿಗೆ ಕೊಟ್ಟ ಮಾತು ತಪ್ಪಿದರೆ ಒಲೆಯ ಮೇಲಿನ ನೀರು ಮತ್ತೆಂದೂ ಕುದಿಯುವುದಿಲ್ಲ ಅಂತ ನಮ್ಮ ಅಜ್ಜಿಯರು ಹೇಳುತ್ತಾರೆ. ಮ್ಯಾಲಕಿಗೆ ಚಹಾ ಇಲ್ಲದೆ ನಡೆಯದು. ಆದರೆ ಈ ಮಳೆಗೆ ಆ ಗಿಟಾರನ್ನು ಒಡ್ಡುವುದೇ? ಕಡೆಗೆ ಹಳೇ ಗಂಡನ ಪಾದವೇ ಗತಿ ಎಂದುಕೊಂಡು, ಕೊಟ್ಟಿದ್ದನ್ನು ಒಂದು ದಿನದ ಮಟ್ಟಿಗೆ ಕೇಳಿ ತರಲು ಹೊರಟ.

ಮೊದಲ ಮನೆ ಡಿಂಪ್ನಾಳದು. ಅವಳು ಕೋಳಿಗೂಡಿನ ಕಡೆ ಬೆರಳು ತೋರಿಸಿದಳು. ಗಿಟಾರಿನ ಹೊಟ್ಟೆ ಸೀಳಿ ಹುಲ್ಲು ತುಂಬಿತ್ತು, ಒಳಗೊಂದು ಕೆಂಪು ಕೋಳಿ ಕಾವಿಗೆ ಕೂತಿತ್ತು. "ಇನ್ನೆಂಟು ದಿನ ತಡಿ, ಮರಿ ಆಗ್ಲಿ," ಎಂದಳು. "ಸೆನನ್ ಎಂಟು ದಿನ ಕಾಯ್ತಾನಾ?" ಎಂದ ಮ್ಯಾಲಕಿ.

"ಅವನಿಗೇನವಸರ ಈಗ?"

ಪಬ್ಬಿನ ಫ್ಲಾನ್ ತನ್ನ ಪಾಲಿನದನ್ನು ಪ್ರವಾಸಿಗರು ನೋಡಲೆಂದು ಗೋಡೆಗೆ ಎಂಟು ತಿರುಪು ಹಾಕಿ ಬಿಗಿದಿದ್ದ. "ಕಿತ್ತರೆ ಗೋಡೆ ಬರತ್ತೆ ಮಾರಾಯ. ನಿನ್ನ ಮಹಾರಾಣಿ ಎಲ್ಲಿ? ನೆಗಡಿಯಾ?" ಎಂದ. ಮೂರನೆಯದು ಮೇಷ್ಟರ ಮಕ್ಕಳ ಕೈಯಲ್ಲಿ ದೋಣಿಯಾಗಿ, ಕೆರೆಯಲ್ಲಿ ಮುಳುಗಿಹೋಗಿತ್ತು.

ಉಳಿದಿದ್ದು ಒಂದೇ. ಅದು ಸೆನನ್‌ಗೆ ಕೊಟ್ಟಿದ್ದು.

ಮ್ಯಾಲಕಿ ತನ್ನ ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಗೆ ತನ್ನ ಮಳೆಯಂಗಿ ತೊಡಿಸಿ, ತಾನು ತೊಯ್ದುಕೊಂಡು ಸಾವಿನ ಮನೆಗೆ ಬಂದ. ಅಡಿಗೆಮನೆಯಲ್ಲಿ ಒಲೆ ಧಗಧಗ, ಚಹಾದ ಹಬೆ, ಊರೆಲ್ಲ ಅಲ್ಲೇ. ಹೆಣವಿದ್ದ ಕೋಣೆಯಲ್ಲಿ ಒಂದು ಮೇಣದಬತ್ತಿ ಬಿಟ್ಟರೆ ಯಾರೂ ಇರಲಿಲ್ಲ. ತಣ್ಣಗಿತ್ತು, ಒಣಗಿತ್ತು. ಗೋಡೆಯ ಮೊಳೆಗೆ ಹಳೇ ಗಿಟಾರು ತೂಗುತ್ತಿತ್ತು.

ಗಂಡನನ್ನು ಕಳಕೊಂಡು ಕೂತ ಅಸಂಪ್ಟಾಳ ಹತ್ತಿರ ಹೋಗಿ, ನನ್ನದು ನೆನೆಯುತ್ತೆ, ನಿಮ್ಮದು ಕೊಡಿ ಎನ್ನುವುದು ಹೇಗೆ? "ಒಂದು ಗಂಟೆ ಅಷ್ಟೇ ಕಣೋ," ಎಂದು ಸೆನನ್‌ಗೇ ಪಿಸುಗುಟ್ಟಿದ. ಹಳೆಯದನ್ನು ಇಳಿಸಿ ತನ್ನ ಪೆಟ್ಟಿಗೆಯೊಳಗಿಟ್ಟ. ತನ್ನದನ್ನು ಆ ಮೊಳೆಗೆ ತೂಗುಹಾಕಿದ. ಸೆನನ್ ಆಕ್ಷೇಪಿಸಲಿಲ್ಲ.

ಅಷ್ಟರಲ್ಲಿ ಪಾದ್ರಿ ಬಂದರು. ಶವಪೆಟ್ಟಿಗೆಗೆ ಮುಚ್ಚಳ ಹಾಕುವಾಗ ಮನೆಯವರು ಮಾತ್ರ ಒಳಗಿರುವುದು ನಮ್ಮ ಕಡೆಯ ರೂಢಿ. ಮಿಕ್ಕವರೆಲ್ಲ ಅಂಗಳದಲ್ಲಿ ಟೊಪ್ಪಿ ತೆಗೆದು ಮಳೆಯಲ್ಲಿ ನಿಂತರು. ಮ್ಯಾಲಕಿಯೂ ನಿಂತ. ಎಷ್ಟೋ ತಿಂಗಳ ಮೇಲೆ ಮಳೆ ಅವನಿಗೆ ಹಿತವಾಗಿತ್ತು.

ಆರು ಜನ ಹೆಗಲು ಕೊಟ್ಟರು. ಸಿಮೆಟರಿಯ ಗೇಟಿನ ಹತ್ತಿರ ಫ್ಲಾನ್ ಜಾರಿದ, ಪೆಟ್ಟಿಗೆ ವಾಲಿತು, ಒಳಗಿಂದ ಝೋಂಯ್ ಎಂದು ಒಂದು ಉದ್ದನೆಯ ನಾದ ಬಂತು. ಆರು ಜನವೂ ಬೆಳ್ಳಗಾದರು. ಎದೆಯ ಮೇಲೆ ಶಿಲುಬೆಯ ಗುರುತು ಹಾಕೋಣವೆಂದರೆ ಒಬ್ಬರ ಕೈಯೂ ಖಾಲಿ ಇರಲಿಲ್ಲ.

"ಶ್ರುತಿ ಮಾಡ್ಕೋತಿದಾನೆ," ಎಂದು ಫ್ಲಾನ್ ತೊದಲಿದ.

ಹೆಣವಾದ ಮೇಲೂ ಇವನದು ಎಂಥ ನಾದ ಎಂದುಕೊಂಡ ಮ್ಯಾಲಕಿ.

ಗುಂಡಿಯ ಬದಿಯಲ್ಲಿ ಕಪ್ಪು ಛತ್ರಿಗಳ ಕೆಳಗೆ ಎಲ್ಲರ ಕಣ್ಣೂ ನೆಲದ ಮೇಲಿತ್ತು. ಅವನು ನುಡಿಸಿದ. ಗಿಟಾರಿನ ಹೊಟ್ಟೆಗೆ ನೀರು ಸುರಿಯಿತು, ತಂತಿಗಳು ಜಾರಿದವು, ಅವನು ಲೆಕ್ಕಿಸಲಿಲ್ಲ. ಕಳಕೊಳ್ಳುವುದಕ್ಕೆ ಏನೂ ಇಲ್ಲದವನ ಹಾಗೆ, ಜನ್ಮದಲ್ಲಿ ಎಂದೂ ನುಡಿಸದ ಹಾಗೆ ನುಡಿಸಿದ. ಡಿಂಪ್ನಾ ಬಿಕ್ಕಿಬಿಕ್ಕಿ ಅತ್ತಳು. ಮಣ್ಣು ಬಿತ್ತು.

ಆಮೇಲೆ ಪಬ್ಬಿನಲ್ಲಿ ಎಲ್ಲರಿಗೂ ಬಿಸಿ ಸೂಪು. "ಅಷ್ಟು ದುಬಾರಿ ಗಿಟಾರು, ದನಿ ಮಾತ್ರ ತಗಡಪ್ಪ," ಎಂದ ಫ್ಲಾನ್. ಅಸಂಪ್ಟಾ ಅವನನ್ನು ಗದರಿಸಿ ಮ್ಯಾಲಕಿಯ ಪಕ್ಕ ಬಂದು ಕೂತಳು.

"ಅವನಿಗೋಸ್ಕರ ನಿನ್ನ ಜೀವವನ್ನೇ ಮಳೆಗೆ ಒಡ್ಡಿದೆಯಲ್ಲಪ್ಪ."

"ಅವನಿಗಿಂತ ಹೆಚ್ಚೇ ಅದು?" ಎಂದ ಮ್ಯಾಲಕಿ, ಸೂಪಿನ ಬಟ್ಟಲನ್ನೇ ನೋಡುತ್ತ.

"ನೀನು ಕೊಟ್ಟಿದ್ದೂ ಅವನ ಜೊತೇಲೇ ಹೋಯ್ತು."

"ಯಾವುದು?"

"ಗೋಡೆ ಮೇಲಿತ್ತಲ್ಲ, ಆ ಗಿಟಾರು. ನನ್ನ ಜೊತೆ ಕಳಿಸ್ಬಿಡು ಅಂದಿದ್ದ. ಪಾಪ, ಕೊನೇಗೆ ಪಿಟೀಲಿನ ಕಮಾನಿನ ಹಾಗೆ ಆಗಿಹೋಗಿದ್ನಲ್ಲ, ಪಕ್ಕದಲ್ಲಿ ಬೇಕಾದಷ್ಟು ಜಾಗ ಇತ್ತು. ನನಗೆ ನೋಡೋಕ್ಕಾಗ್ಲಿಲ್ಲ. ನನ್ನ ತಂಗಿ ಫಿದೆಲ್ಮಾನೇ ಇಳಿಸಿ ಮಲಗಿಸಿದ್ಲು."

"ನಾನು ಲಿಮರಿಕ್ಕಿನವಳು, ನಂಗೆ ಇವೆಲ್ಲ ಗೊತ್ತಾಗಲ್ಲ," ಎಂದಳು ಎದುರಿಗಿದ್ದ ಫಿದೆಲ್ಮಾ. "ಆದ್ರೂ ಏನು ಘಮ ಅಂತೀರಿ ಆ ಮರ! ಹೊಸದರ ಹಾಗೇ ಇಟ್ಕೊಂಡಿದ್ರು ಭಾವ."

ಮ್ಯಾಲಕಿಯ ಚಮಚ ಬಟ್ಟಲಿಗೂ ಬಾಯಿಗೂ ನಡುವೆ ನಿಂತಿತು. ಹೇಳಬೇಕಾದರೆ, ಹೆಣದ ತಲೆಯ ಮೇಲಿಂದ ಗಿಟಾರು ಕದ್ದೆ ಎಂಬಲ್ಲಿಂದ ಶುರು ಮಾಡಬೇಕು, ಊರಿನ ಮುಂದೆ, ಅಸಂಪ್ಟಾಳ ಮುಂದೆ. ಅವಳು ಅವನ ಕೈಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು.

"ಒದ್ದೆ... ಆಗಲ್ವಾ?" ಅಷ್ಟೇ ಹೊರಟಿತು ಅವನ ಬಾಯಿಂದ.

"ಯೋಚ್ನೆ ಮಾಡ್ಬೇಡ," ಎಂದಳು ಅಸಂಪ್ಟಾ ಕಣ್ಣೊರೆಸಿಕೊಂಡು. "ಶವಪೆಟ್ಟಿಗೆ ಓಕ್ ಮರದ್ದು, ಒಳಗೆಲ್ಲ ತಗಡು. ಬಿಸಿಲು ತಾಗಲ್ಲ, ಬೆಂಕಿ ತಾಗಲ್ಲ. ನೂರು ವರ್ಷ ಒಂದು ಹನಿ ಇಳಿಯಲ್ಲ ಅಂತ ಬರೆದುಕೊಟ್ಟಿದಾರೆ."

ಮ್ಯಾಲಕಿಯ ಕಾಲ ಬುಡದಲ್ಲಿ, ಗಿಟಾರಿನ ಮಖಮಲ್ಲು ಪೆಟ್ಟಿಗೆಯ ಸಂದಿಯಿಂದ ನೀರು ತೊಟತೊಟ ಸೋರುತ್ತಿತ್ತು. ಹೊರಗೆ ಮಳೆ ನಿಂತಿತ್ತು.