ಮೂರನೇ ಟ್ಯಾಂಕಿನ ಎಪ್ಪತ್ತೆರಡು ಡಿಗ್ರಿ

ಆ ಬುಧವಾರ ತ್ರ್ಯಂಬಕ ನಾಲ್ಕೂಕಾಲಿಗೆ ಕಾರ್ಖಾನೆ ಬಿಡಲೇಬೇಕಾಗಿತ್ತು. ಕಾರಣ ತಬಲಾ. ಹನ್ನೊಂದು ವರ್ಷದಿಂದ ವಿದ್ಯಾನಗರದ ಮನೆಯ ಕಪಾಟಿನ ಮೇಲೆ ಹಳೆ ಚಾದರ ಹೊದ್ದು ಕೂತಿದ್ದ ತಬಲಾ ಜೋಡಿಯನ್ನು ಅವನು ಹೋದ ವಾರ ಕೆಳಗಿಳಿಸಿ ಒರೆಸಿದ್ದ. ಧಾರವಾಡದ ಮಾಸ್ತರರೊಬ್ಬರು ಅವನ ಬೆರಳು ನೋಡಿ, ನರೆತ ಕೂದಲು ನೋಡಿ, ನಲವತ್ತಾರಕ್ಕೆ ಇದೇನು ಹುಚ್ಚು ಎಂಬಂತೆ ಮುಖ ನೋಡಿ, ಕೊನೆಗೆ ಬುಧವಾರ ಸಂಜೆ ಐದೂವರೆಗೆ ಬಾ ಎಂದಿದ್ದರು. ದಿನವೂ ಬರಬೇಕು, ಮೊದಲ ದಿನವೇ ತಡವಾದರೆ ಮತ್ತೆ ಬರುವುದೇ ಬೇಡ ಎಂದೂ ಹೇಳಿ ಕಳಿಸಿದ್ದರು.

ಹೆಂಡತಿ ಮಂದಾಕಿನಿಗೆ ಈ ವಿಷಯದಲ್ಲಿ ನಂಬಿಕೆ ಇರಲಿಲ್ಲ. ಬೆಳಿಗ್ಗೆ ಡಬ್ಬಿಗೆ ರೊಟ್ಟಿ ಹಾಕುತ್ತ ಹೇಳಿದಳು:

“ಮಾಸ್ತರು ಒಂದು ಸಲ ಕರದಾರ. ನಿಮ್ಮ ಫ್ಯಾಕ್ಟರಿ ದಿನಾ ಕರೀತದ. ಯಾವುದಕ್ಕ ಓ ಅಂತೀರಿ ನೋಡೋಣ.”

ತ್ರ್ಯಂಬಕ ನಕ್ಕ. ಇವತ್ತಿನಿಂದ ಫ್ಯಾಕ್ಟರಿ ಕರೆಯುವುದು ನಿಲ್ಲುತ್ತದೆ ಎಂಬ ಧೈರ್ಯ ಅವನಿಗಿತ್ತು.

ಅವನು ತಾರಿಹಾಳದ ಒಂದು ಶೇಂಗಾ ಎಣ್ಣೆ ರಿಫೈನರಿಯಲ್ಲಿ ಇಂಜಿನಿಯರ್. ಎಣ್ಣೆ ಕಾಯುವ ಟ್ಯಾಂಕು, ಉಗಿಯ ಪೈಪು, ಪಂಪುಗಳ ಉಷ್ಣತೆ, ಒತ್ತಡಗಳನ್ನು ಅಳೆಯುವ ಯಂತ್ರಗಳೆಲ್ಲ ಅವನ ಪಾಲಿಗೆ. ಆ ಅಳತೆಗಳನ್ನು ಅಲ್ಲಿ ಹದಿನೆಂಟು ವರ್ಷದಿಂದ ಕೈಯಿಂದ ರಜಿಸ್ಟರಿನಲ್ಲಿ ಬರೆಯುತ್ತಿದ್ದರು, ಗಂಟೆಗೊಂದು ಸಾಲು. ಪುಟದ ಕೆಳಗೆ ‘ಪರಿಶೀಲಿಸಿದೆ’ ಎಂದು ತ್ರ್ಯಂಬಕನ ಸಹಿ ಬೀಳಬೇಕು. ಈ ರಜಿಸ್ಟರಿನಿಂದಾಗಿ ಅವನು ಒಂದು ದಿನವೂ ಏಳು ಗಂಟೆಯ ಮುಂಚೆ ಮನೆ ಕಂಡವನಲ್ಲ. ಈಗ ಕಂಪನಿ ಅದರ ಬದಲು ಒಂದು ಸಾಫ್ಟ್‌ವೇರ್ ಕೊಳ್ಳಲು ಹೊರಟಿತ್ತು. ಅದರ ಹೆಸರು ಡೇಟಾ ಹಿಸ್ಟೋರಿಯನ್. ಇಡೀ ಕಾರ್ಖಾನೆಯ ಅಳತೆಗಳನ್ನು ಸೆಕೆಂಡಿಗೊಮ್ಮೆ ತಾನೇ ಬರೆದುಕೊಂಡು, ಐದು ವರ್ಷದ ನಂತರ ಕೇಳಿದರೂ ತೆಗೆದು ತೋರಿಸುತ್ತದೆ. ಅದು ಬಂದರೆ ರಜಿಸ್ಟರಿಲ್ಲ, ರಜಿಸ್ಟರಿಲ್ಲದಿದ್ದರೆ ಸಹಿಯಿಲ್ಲ, ಸಹಿಯಿಲ್ಲದಿದ್ದರೆ ದಿನವೂ ಐದೂವರೆಗೆ ತಬಲಾ. ತ್ರ್ಯಂಬಕನ ಲೆಕ್ಕ ಇಷ್ಟು ಸರಳವಾಗಿತ್ತು.

ತಿಂಗಳಿಂದ ಎರಡು ಹಿಸ್ಟೋರಿಯನ್‌ಗಳು ಎರಡು ಕಂಪ್ಯೂಟರುಗಳಲ್ಲಿ ಪರೀಕ್ಷೆಗೆ ನಡೆದಿದ್ದವು. ಒಂದು ಪರದೇಶದ್ದು, ಇನ್ನೊಂದು ಪುಣೆಯದು. ಯಾವುದನ್ನು ಕೊಳ್ಳಬೇಕೆಂಬ ತೀರ್ಮಾನ ಆ ಮಧ್ಯಾಹ್ನ ಎರಡೂವರೆಯ ಮೀಟಿಂಗಿನಲ್ಲಿ ಆಗಬೇಕಿತ್ತು. ಕಾರ್ಖಾನೆಗೆ ಕಾಲಿಟ್ಟ ಗಳಿಗೆಯಿಂದ ಎಲ್ಲರೂ ತ್ರ್ಯಂಬಕನಿಗೆ ಸಲಹೆ ಕೊಟ್ಟರು. ಖರೀದಿ ವಿಭಾಗದವರು ಪುಣೆಯದು ಒಳ್ಳೆಯದು, ಏನಾದರೂ ಕೆಟ್ಟರೆ ಮನುಷ್ಯ ಬಸ್ಸಿನಲ್ಲಿ ಬರುತ್ತಾನೆ ಎಂದರು. ಕ್ಯಾಂಟೀನಿನವನು ಕೂಡ ಚಹಾ ಕೊಡುತ್ತ, ಸ್ಕ್ರೀನಿನ ಹಿನ್ನೆಲೆ ಹಸಿರಿದ್ದರೆ ಕಣ್ಣಿಗೆ ತಂಪು ಎಂದ. ತ್ರ್ಯಂಬಕ ಎಲ್ಲರಿಗೂ ಹೂಂ ಅನ್ನುತ್ತ ಮೇಜಿನ ಅಂಚಿನ ಮೇಲೆ ಬೆರಳಿನಿಂದ ‘ಧಾ ಧಿನ್ ಧಿನ್ ಧಾ’ ಬಾರಿಸುತ್ತಿದ್ದ.

ಎರಡು ಗಂಟೆಗೆ ಎರಡನೇ ಪಾಳಿಯ ಆಪರೇಟರ್ ರಾಮಪ್ಪ ಬಂದ. ಸುಳ್ಳ ಎಂಬ ಊರಿನವನು, ರಜಿಸ್ಟರಿನಷ್ಟೇ ಹಳಬ. ರಾತ್ರಿ ಹತ್ತರವರೆಗೆ ಅವನದೇ ಪಾಳಿ. ತ್ರ್ಯಂಬಕ ಅವನಿಗೆ, ಇವತ್ತು ಬೇಗ ಹೋಗುವವನಿದ್ದೇನೆ, ನಿನ್ನ ಪುಟಕ್ಕೆ ಈಗಲೇ ಸಹಿ ಮಾಡಿಸಿಕೋ ಎಂದ. ರಾಮಪ್ಪ ತಲೆ ಕೆರೆದುಕೊಂಡು ಹೋದವನು ಹತ್ತು ನಿಮಿಷದಲ್ಲಿ ರಜಿಸ್ಟರು ತಂದು ಬೆರಳಿಟ್ಟು ಜಾಗ ತೋರಿಸಿದ. ತ್ರ್ಯಂಬಕ ಎಡಗೈಯಲ್ಲಿ ತಾಳ ಹಾಕುತ್ತಲೇ ಬಲಗೈಯಲ್ಲಿ ಸಹಿ ಮಾಡಿ ಮೀಟಿಂಗಿಗೆ ಓಡಿದ.

ಮೀಟಿಂಗಿನಲ್ಲಿ ಅವನಲ್ಲದೆ ಮೂವರಿದ್ದರು. ಜನರಲ್ ಮ್ಯಾನೇಜರ್ ರಾಜೀವ ಸಾಹೇಬರು, ಎಣ್ಣೆಯ ಗುಣಮಟ್ಟ ನೋಡಿಕೊಳ್ಳುವ ಸಂಪದಾ, ಮತ್ತು ಪುಣೆಯ ಕಂಪನಿಯ ಪರವಾಗಿ ಟೈ ಕಟ್ಟಿಕೊಂಡು ಬಂದಿದ್ದ ಆಶಿಷ್. ಗೋಡೆಯ ಮೇಲೆ ಎರಡೂ ಹಿಸ್ಟೋರಿಯನ್‌ಗಳ ಚಿತ್ರ ಅಕ್ಕಪಕ್ಕ ಮೂಡಿತ್ತು. ಎರಡೂ ಮೂರನೇ ಟ್ಯಾಂಕಿನ ಎಣ್ಣೆಯ ಉಷ್ಣತೆಯವು. ಅದು ಎಪ್ಪತ್ತೆರಡು ಡಿಗ್ರಿ ಇರಬೇಕೆಂದು ನಿಯಮ. ಪುಣೆಯ ಸಾಫ್ಟ್‌ವೇರಿನ ಗೆರೆ ಎಪ್ಪತ್ತೆರಡರ ಮೇಲೆ ನೂಲು ಹಿಡಿದಂತೆ ನೆಟ್ಟಗಿತ್ತು. ಪರದೇಶದ್ದು ಅರವತ್ತೇಳಕ್ಕೆ ಇಳಿದು, ಎಪ್ಪತ್ತಾರಕ್ಕೆ ಏರಿ, ದಿನವಿಡೀ ಹೊಯ್ದಾಡಿತ್ತು.

ಸಂಪದಾ ರಜಿಸ್ಟರಿನ ಹಳೆಯ ಪುಟಗಳ ಪ್ರತಿ ತೆಗೆದಳು. ಅವುಗಳಲ್ಲಿಯೂ ಎಪ್ಪತ್ತೆರಡು, ಎಪ್ಪತ್ತೆರಡು, ಎಪ್ಪತ್ತೆರಡು. ಪುಣೆಯದು ರಜಿಸ್ಟರಿಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತದೆ, ಪರದೇಶದ್ದಕ್ಕೇ ಏನೋ ದೋಷವಿದೆ ಎಂದಳು. ಆಶಿಷ್ ವಿನಯದಿಂದ ಟೈ ಸರಿಮಾಡಿಕೊಂಡ. ರಾಜೀವ ಸಾಹೇಬರು ಹಾಗಾದರೆ ಪುಣೆಯದೇ ಇರಲಿ ಎಂದು ಪೆನ್ನು ತೆರೆದರು. ಗಡಿಯಾರದಲ್ಲಿ ಆಗ ಮೂರು ಗಂಟೆ.

ತ್ರ್ಯಂಬಕ ಅಲ್ಲಿಗೆ ಸುಮ್ಮನಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಆದರೆ ಅವನಿಗೆ ಆ ನೆಟ್ಟಗಿನ ಗೆರೆ ಸಹಿಸಲಾಗಲಿಲ್ಲ. ಕಾಯುವ ಎಣ್ಣೆ ಹಾಗೆ ನೆಟ್ಟಗೆ ಇರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಕೆದಕಿ ಕೇಳಿದಾಗ ಆಶಿಷ್ ಒಪ್ಪಿಕೊಂಡ: ಎಪ್ಪತ್ತೆರಡರಿಂದ ಮೇಲಕ್ಕೋ ಕೆಳಕ್ಕೋ ಆರು ಡಿಗ್ರಿ ದಾಟದಿದ್ದರೆ ಅದನ್ನು ಬದಲಾವಣೆಯೆಂದೇ ಎಣಿಸದಂತೆ ಅವರ ಸಾಫ್ಟ್‌ವೇರನ್ನು ಹೊಂದಿಸಿದ್ದರು. ಹಾಗೆ ಮಾಡಿದರೆ ಜಾಗ ಉಳಿಯುತ್ತದಂತೆ, ನೋಡಲೂ ಚೊಕ್ಕ.

“ಇದು ಹಿಸ್ಟೋರಿಯನ್ ಅಲ್ಲರಿ ಸರ್, ಹೊಗಳುಭಟ್ಟ. ನಾವು ಏನು ಕೇಳಬೇಕಂತೀವೋ ಅದನ್ನ ಹೇಳ್ತದ” ಎಂದ ತ್ರ್ಯಂಬಕ.

ಹಾಗಾದರೆ ರಜಿಸ್ಟರು ಯಾಕೆ ಹಾಗೇ ಹೇಳುತ್ತದೆ ಎಂದು ಸಂಪದಾ ಕೇಳಿದಳು. ತ್ರ್ಯಂಬಕನಿಗೆ ಸತ್ಯದ ಹುರುಪು ಏರಿಬಿಟ್ಟಿತ್ತು. ರಜಿಸ್ಟರೂ ನಂಬುವಂಥದ್ದಲ್ಲ, ಆಪರೇಟರುಗಳು ಟ್ಯಾಂಕಿನ ಏಣಿ ಹತ್ತದೆ ಕೂತಲ್ಲೇ ಅಂಕಿ ತುಂಬುತ್ತಾರೆ, ಬೇಕಾದರೆ ಈಗಲೇ ತೋರಿಸುತ್ತೇನೆ ಎಂದ. ತಾನೇ ಎಲ್ಲರನ್ನೂ ಹೊರಡಿಸಿ ಮೂರನೇ ಟ್ಯಾಂಕಿನ ಹತ್ತಿರ ಕರೆದುಕೊಂಡು ಹೋದ. ಆಶಿಷ್ ಟೈ ಹೆಗಲ ಮೇಲೆ ಹಾಕಿಕೊಂಡು ಏಣಿ ಹತ್ತಿ ಗೇಜು ನೋಡಿ, ಸಣ್ಣ ದನಿಯಲ್ಲಿ ಅರವತ್ತೇಳು ಎಂದ. ಸಂಪದಾಳ ಮೊಬೈಲಿನಲ್ಲಿ ಪರದೇಶದ್ದು ಅರವತ್ತೇಳು ತೋರಿಸುತ್ತಿತ್ತು, ಪುಣೆಯದು ಎಪ್ಪತ್ತೆರಡು.

ರಾಜೀವ ಸಾಹೇಬರು ತ್ರ್ಯಂಬಕನ ಬೆನ್ನು ತಟ್ಟಿದರು. ಅಲ್ಲಿಗಾದರೂ ಅವನು ಸ್ಕೂಟರ್ ಹತ್ತಬಹುದಾಗಿತ್ತು. ವಿದ್ಯಾನಗರದಿಂದ ಧಾರವಾಡದ ಚಿಗರಿ ಬಸ್ಸು ಹಿಡಿದರೆ ಐದರೊಳಗೇ ಮಾಸ್ತರರ ಬಾಗಿಲು. ಆದರೆ ಗೆದ್ದ ಮನುಷ್ಯನಿಗೆ ಇನ್ನೊಂದು ಚೂರು ಗೆಲ್ಲುವ ಆಸೆ ಇರುತ್ತದಲ್ಲ. ರಾಮಪ್ಪನನ್ನು ಕೂಗಿ, ಇವತ್ತಿನ ರಜಿಸ್ಟರು ತೆಗೆದುಕೊಂಡು ಬಾ ಎಂದ.

ರಾಮಪ್ಪ ತಂದುಕೊಟ್ಟ. ಸಂಪದಾ ಪುಟ ತೆರೆದು ಓದಿದಳು. ಮೂರು ಗಂಟೆಗೆ ಎಪ್ಪತ್ತೆರಡು. ತ್ರ್ಯಂಬಕ, ನೋಡಿದಿರಾ ಎಂಬಂತೆ ಎಲ್ಲರ ಕಡೆ ತಿರುಗಿದ. ಸಂಪದಾ ಓದುವುದನ್ನು ನಿಲ್ಲಿಸಲಿಲ್ಲ. ನಾಲ್ಕು ಗಂಟೆಗೆ ಎಪ್ಪತ್ತೆರಡು. ಐದು ಗಂಟೆಗೆ ಎಪ್ಪತ್ತೆರಡು. ರಾಜೀವ ಸಾಹೇಬರು ತಮ್ಮ ಕೈಗಡಿಯಾರ ನೋಡಿಕೊಂಡರು. ಮೂರೂ ಇಪ್ಪತ್ತಾಗಿತ್ತು. ಆರು, ಏಳು, ಎಂಟಕ್ಕೂ ಎಪ್ಪತ್ತೆರಡು. ಒಂಬತ್ತಕ್ಕೆ ಎಪ್ಪತ್ತೊಂದು. ರಾತ್ರಿ ಹತ್ತಕ್ಕೆ ಮತ್ತೆ ಎಪ್ಪತ್ತೆರಡು.

ರಾಜೀವ ಸಾಹೇಬರು, ಒಂಬತ್ತಕ್ಕೆ ಮಾತ್ರ ಒಂದು ಡಿಗ್ರಿ ಯಾಕೆ ಕಡಿಮೆ ಎಂದು ಕೇಳಿದರು. ಅವರಿಗೆ ಅದೇ ದೊಡ್ಡ ಪ್ರಶ್ನೆಯಾಗಿ ಕಂಡಿತ್ತು.

“ಆವಾಗ ನಾ ಊಟಕ್ಕ ಕುಂತಿರ್ತೇನ್ರಿ ಸಾಹೇಬ್ರ. ಉಗಿ ವಾಲ್ವ್ ನೋಡಾವ್ರು ಯಾರೂ ಇರೂದಿಲ್ಲ. ಒಂದ್ ಡಿಗ್ರಿ ಇಳದ ಇಳೀತೈತ್ರಿ” ಎಂದ ರಾಮಪ್ಪ.

ಇನ್ನೂ ಬಾರದ ಹೊತ್ತಿನ ಅಂಕಿ ಬರೆದದ್ದೇಕೆ ಎಂಬುದಕ್ಕೂ ಅವನಲ್ಲಿ ಉತ್ತರವಿತ್ತು. ಸಾಲು ಖಾಲಿ ಬಿಟ್ಟು ಸಹಿ ಮಾಡಿಸಬಾರದು ಎಂದು ಸಂಪದಾ ಮೇಡಮ್ಮೇ ಹೋದ ತಿಂಗಳು ಸುತ್ತೋಲೆ ಹೊರಡಿಸಿದ್ದರು. ಸರ್ ಇವತ್ತು ಬೇಗ ಹೋಗುವವರು, ಈಗಲೇ ಸಹಿ ಮಾಡಿಸಿಕೋ ಎಂದರು. ಎರಡೂ ಮಾತು ನಡೆಸಿಕೊಡಬೇಕೆಂದರೆ ಪುಟ ತುಂಬದೆ ಬೇರೆ ದಾರಿ ಇರಲಿಲ್ಲ. ಸಂಪದಾ ತುಟಿ ಕಚ್ಚಿಕೊಂಡು ಪುಟದ ಕೆಳಭಾಗಕ್ಕೆ ಬಂದಳು. ಅಲ್ಲಿ ‘ಪರಿಶೀಲಿಸಿದೆ’ ಎಂದಿತ್ತು, ತ್ರ್ಯಂಬಕನ ಸುಂದರ ಸಹಿ ಇತ್ತು. ಸಹಿಯ ಪಕ್ಕದಲ್ಲಿ, ಅದೇ ಸುತ್ತೋಲೆಯ ಪ್ರಕಾರ, ಹೊತ್ತೂ ಬರೆದಿತ್ತು: ಎರಡು ಗಂಟೆ ಹದಿನೈದು ನಿಮಿಷ.

ತ್ರ್ಯಂಬಕನ ಬೆರಳುಗಳು ತಾಳ ಮರೆತವು. ಹದಿನೆಂಟು ವರ್ಷದ ಅಷ್ಟೂ ಪುಟಗಳು ಅವನ ಕಣ್ಣ ಮುಂದೆ ಹಾದುಹೋದವು. ಅವುಗಳಲ್ಲಿ ಒಂದನ್ನೂ ಅವನು ಓದಿರಲಿಲ್ಲ. ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು.

“ತ್ರ್ಯಂಬಕ, ನಿಮ್ಮ ಹಿಸ್ಟೋರಿಯನ್ ಬರೇ ಹಿಂದಿಂದು ಹೇಳ್ತದ. ನಮ್ಮ ರಾಮಪ್ಪ ಮುಂದಿಂದೂ ಹೇಳ್ತಾನ. ಯಾವುದು ಛಲೋ?” ಎಂದರು ರಾಜೀವ ಸಾಹೇಬರು.

ಅವರು ಸಿಟ್ಟಾಗಲಿಲ್ಲ, ಮೆಮೊ ಕೊಡಲಿಲ್ಲ. ಅಲ್ಲಿಯೇ ಟ್ಯಾಂಕಿನ ಬುಡದಲ್ಲಿ ನಿಂತು ತೀರ್ಮಾನ ಹೇಳಿದರು. ತ್ರ್ಯಂಬಕನ ಮಾತೇ ಸರಿ, ಪರದೇಶದ ಸಾಫ್ಟ್‌ವೇರನ್ನೇ ಕೊಳ್ಳೋಣ. ಆದರೆ ಅದು ಖರೇ ಹೇಳುತ್ತದೋ ಇಲ್ಲವೋ ಎಂದು ತಾಳೆ ನೋಡಲು ಮೂರು ತಿಂಗಳು ಕೈಯಿಂದ ಬರೆದ ಪ್ರಾಮಾಣಿಕ ಲೆಕ್ಕವೊಂದು ಬೇಕು. ಅದನ್ನು ಎರಡನೇ ಪಾಳಿಯಲ್ಲಿ, ಗಂಟೆಗೊಮ್ಮೆ ಏಣಿ ಹತ್ತಿ, ತ್ರ್ಯಂಬಕನೇ ಬರೆಯಬೇಕು. ಸತ್ಯದ ಪರ ಅಷ್ಟು ಗಟ್ಟಿಯಾಗಿ ನಿಂತವನು ಅವನೊಬ್ಬನೇ. ಶುರು ಇವತ್ತಿನಿಂದಲೇ. ಬರೆದವನೇ ಪರಿಶೀಲಿಸುವುದು ನಿಯಮಕ್ಕೆ ಸರಿಹೋಗುವುದಿಲ್ಲ, ಆದ್ದರಿಂದ ಪುಟದ ಕೆಳಗಿನ ಸಹಿ ಅನುಭವಸ್ಥನಾದ ರಾಮಪ್ಪನದು.

ತ್ರ್ಯಂಬಕ ಮಂದಾಕಿನಿಗೆ ಫೋನ್ ಮಾಡಿ, ಮಾಸ್ತರರಿಗೆ ಹೇಗಾದರೂ ತಿಳಿಸು ಎಂದ. ಅವಳು ಏನೂ ಕೇಳದೆ, ತಬಲಾಕ್ಕೆ ಯಾವ ಚಾದರ ಹೊದಿಸಲಿ, ಹಳೆಯದೋ ಹೊಸದೋ ಎಂದು ವಿಚಾರಿಸಿದಳು.

ಐದು ಗಂಟೆಗೆ ಅವನು ಏಣಿ ಹತ್ತಿ, ಗೇಜು ನೋಡಿ, ಇಳಿದು, ಅಂಗಿಯಿಂದ ಬೆವರು ಒರೆಸಿಕೊಂಡು ಹೊಸ ಪುಟದಲ್ಲಿ ಅರವತ್ತೆಂಟು ಎಂದು ಬರೆದ. ರಾಮಪ್ಪ ಕುರ್ಚಿಯಲ್ಲಿ ಕೂತು ಕಿಸೆಯಿಂದ ಚಾಳೀಸಿನ ಕನ್ನಡಕ ತೆಗೆದು ಹಾಕಿಕೊಂಡ. ಅಂಕಿಯನ್ನು ಓದಿದ. ಎದ್ದು ಪರದೇಶದ ಸಾಫ್ಟ್‌ವೇರಿದ್ದ ಕಂಪ್ಯೂಟರಿನ ಹತ್ತಿರ ಹೋಗಿ ಅಲ್ಲಿಯದನ್ನೂ ಓದಿದ. ತಿರುಗಿ ಬಂದು ಪೆನ್ನಿನ ಟೋಪಿ ಮುಚ್ಚಿ ಕಿಸೆಗೆ ಸಿಕ್ಕಿಸಿಕೊಂಡ.

“ಅಲ್ಲಿ ಅರವತ್ತೊಂಬತ್ತ್ ಐತ್ರಿ ಸರ್. ಇನ್ನೊಮ್ಮೆ ಹತ್ತಿ ನೋಡಿ ಬರ್ರಿ. ಸುಮ್ಮ ಹೆಂಗ್ ಸಹಿ ಹಾಕ್ಲಿ?”

ತ್ರ್ಯಂಬಕ ಮತ್ತೆ ಏಣಿಯ ಕಡೆ ನಡೆದ.