ನನ್ನವಳ ಬ್ಯೂಟಿ ಕೋರ್ಸಿನ ಲಾಭ-ನಷ್ಟ

ನಲವತ್ತೆರಡನೆಯ ವಯಸ್ಸಿನಲ್ಲಿ ನನ್ನವಳಿಗೆ ಬ್ಯೂಟಿ ಕೋರ್ಸು ಮಾಡುವ ಆಸೆ ಹುಟ್ಟಿತು. ಹುಟ್ಟಿದ ಆಸೆ ತೆಪ್ಪಗೆ ಮಲಗಿರಬಾರದೆ? ಬಣ್ಣಬಣ್ಣದ ಅರ್ಜಿ ಫಾರಂನ ರೂಪ ತಾಳಿ, ಬೆಳಗಿನ ಕಾಫಿ ಲೋಟದ ಪಕ್ಕದಲ್ಲಿ ಬಂದು ಕೂತಿತು.

"ಹತ್ತೇ ತಿಂಗಳು ರೀ. ಶನಿವಾರ ಕೊನೇ ದಿನ. ತಪ್ಪಿದ್ರೆ ಮುಂದಿನ ವರ್ಷಾನೇ," ಎಂದಳು.

ಫೀಸು ತೊಂಬತ್ತು ಸಾವಿರ. ಕತ್ತರಿ, ಬ್ರಶ್ಶು ಮುಂತಾದ ಆಯುಧಗಳ ಪೆಟ್ಟಿಗೆಗೆ ಇಪ್ಪತ್ತೈದು ಸಾವಿರ. ಹಳೆಯ ಕಾರೊಂದನ್ನು ಕೊಳ್ಳಲೆಂದು ನಾನು ಬ್ಯಾಂಕಿನಲ್ಲಿ ಕೂಡಿಟ್ಟ ಹಣ ಹೆಚ್ಚುಕಡಿಮೆ ಅಷ್ಟೇ ಇತ್ತು. (ಕಾರಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಹಣದ ವಿಷಯ ಗೊತ್ತಿತ್ತು. ನನ್ನ ಗ್ರಹಚಾರ.)

ಹೆಂಡತಿಗೆ ನೇರವಾಗಿ 'ಬೇಡ' ಎನ್ನುವ ಧೈರ್ಯ ನನಗಿಲ್ಲ. ಆದರೆ ಜಾಣತನ ಇದೆ ಎಂದು ಆವರೆಗೆ ನಂಬಿದ್ದೆ. ನಾನು ವಿಮಾ ಕಚೇರಿಯಲ್ಲಿ ಕ್ಲೈಮ್ ವಿಭಾಗದ ಗುಮಾಸ್ತ. ಯಾರದಾದರೂ ಅಂಗಡಿ ಸುಟ್ಟುಹೋದರೆ, ಗಾಡಿ ಜಜ್ಜಿಹೋದರೆ, ಅವರು ಕೇಳಿದ ಪರಿಹಾರದಲ್ಲಿ ಎಷ್ಟು ಕತ್ತರಿಸಬಹುದು ಎಂದು ನೋಡುವುದೇ ನನ್ನ ಉದ್ಯೋಗ. "ಪ್ರತಿಯೊಂದಕ್ಕೂ ರೇಟು ಬರೆದು ಸಹಿ ಹಾಕಿ, ಬಾಯಿಮಾತು ನಡೆಯೋಲ್ಲ" ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುವವನು ನಾನು.

"ನಾನೇನು ಬೇಡ ಅಂದ್ನಾ? ಹಾಕೋದೆಷ್ಟು, ಬರೋದೆಷ್ಟು, ಒಂದು ಅಂದಾಜು ಪತ್ರ ಮಾಡೋಣ. ಲಾಭ ಕಂಡ್ರೆ ನಾನೇ ಕಟ್ತೀನಿ," ಎಂದೆ, ಧರ್ಮರಾಯನ ಮುಖ ಮಾಡಿಕೊಂಡು.

ಮರುದಿನ ಕಚೇರಿಯಿಂದ ಬರುತ್ತಾ ಸ್ಥಳ ಪರಿಶೀಲನೆ ನಡೆಸಿದೆ. ಅಂದರೆ, ನಮ್ಮ ರಸ್ತೆಯ ಬ್ಯೂಟಿ ಪಾರ್ಲರಿನ ಎದುರಿಗೆ, ಬೀಗದ ಅಂಗಡಿಯ ಮೆಟ್ಟಿಲ ಮೇಲೆ ಕೂತು ಒಳಗೆ ಹೋಗುವ ಹೆಂಗಸರನ್ನು ಎಣಿಸತೊಡಗಿದೆ. ಒಂಬತ್ತನೆಯವರು ಹೋಗುವಷ್ಟರಲ್ಲಿ ಪಾರ್ಲರಿನ ಒಡತಿಯೇ ಹೊರಗೆ ಬಂದರು.

"ಏನಣ್ಣಾ, ಆಗ್ಲಿಂದ ಹೆಂಗಸ್ರನ್ನೇ ನೋಡ್ತಾ ಕೂತಿದ್ದೀರಿ? ಪೊಲೀಸ್ರನ್ನ ಕರೀಲಾ?"

ತಡವರಿಸುತ್ತಾ ಇದ್ದದ್ದನ್ನೆಲ್ಲ ಹೇಳಿದೆ. ಆಕೆ ನಕ್ಕು, "ಅಕ್ಕನ್ನ ಧೈರ್ಯವಾಗಿ ಸೇರ್ಸಿ. ನಾನು ಕಟ್ಟಿದ್ದು ಒಂದೂವರೆ ವರ್ಷದಲ್ಲಿ ವಾಪಸ್ ಬಂತು," ಎಂದರು. ಮನೆ ತಲುಪುವಷ್ಟರಲ್ಲಿ ಈ ಮಾತನ್ನು ನಾನು ಪ್ರಯತ್ನಪೂರ್ವಕವಾಗಿ ಮರೆತಿದ್ದೆ.

ಆಮೇಲೆ ಅಂದಾಜು ಪತ್ರಕ್ಕೆ ಕೂತೆ. ಫೀಸು, ಪೆಟ್ಟಿಗೆ ಸೇರಿ ಒಂದು ಲಕ್ಷ ಹದಿನೈದು ಸಾವಿರ. ಇಷ್ಟೇ ಆದರೆ ಕೋರ್ಸು ಲಾಭದ್ದೇ! ಖರ್ಚನ್ನು ಉಬ್ಬಿಸಬೇಕಿತ್ತು. ಆಗ ಹೊಳೆಯಿತು ನೋಡಿ, ಒಂದು ದಿವ್ಯ ಉಪಾಯ. ಇವಳು ಕ್ಲಾಸಿಗೆ ಹೋದರೆ ಮನೆಗೆಲಸಕ್ಕೆ ಯಾರು? ಜನ ಇಡಬೇಕು. ಊರಿನಲ್ಲೇ ಅತ್ಯಂತ ದುಬಾರಿ ರೇಟು ಹಿಡಿದು ಬರೆದೆ: ತಿಂಗಳಿಗೆ ಅಡುಗೆಗೆ ಎಂಟು ಸಾವಿರ, ಪಾತ್ರೆ ಬಟ್ಟೆಗೆ ನಾಲ್ಕು, ಕಸ ನೆಲಕ್ಕೆ ಮೂರು, ಇಸ್ತ್ರಿಗೆ ಒಂದು, ಮಗಳ ಪಾಠಕ್ಕೆ ಐದು, ನನ್ನ ಅಮ್ಮನಿಗೆ ಹೊತ್ತುಹೊತ್ತಿಗೆ ಮಾತ್ರೆ ಕೊಟ್ಟು ಮಂಡಿ ನೀವಲು ನರ್ಸಿಗೆ ಒಂಬತ್ತು. ಒಟ್ಟು ಮೂವತ್ತು ಸಾವಿರ. ಹತ್ತು ತಿಂಗಳಿಗೆ ಮೂರು ಲಕ್ಷ! ಮೀಸೆಯ ಮರೆಯಲ್ಲಿ ನಗುತ್ತಾ, ಅಭ್ಯಾಸಬಲದಿಂದ ಕೆಳಗೆ ದಿನಾಂಕ ಹಾಕಿ ಸಹಿಯನ್ನೂ ಮಾಡಿದೆ.

ಶುಕ್ರವಾರ ಸಂಜೆ ತೀರ್ಪು ಓದಿದೆ. ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು.

"ಒಟ್ಟು ನಾಲ್ಕು ಲಕ್ಷ ಹದಿನೈದು ಸಾವಿರ ಕಣೇ. ಒಬ್ಬರ ಹುಬ್ಬು ತೀಡಿದ್ರೆ ನಿನಗೆ ಉಳಿಯೋದು ಹತ್ತು ರೂಪಾಯಿ. ಅಂದ್ರೆ ನಲವತ್ತೊಂದು ಸಾವಿರದ ಐನೂರು ಜನರ ಹುಬ್ಬು! ದಿನಕ್ಕೆ ಐದು ಜನ ಅಂದ್ರೂ ಇಪ್ಪತ್ತಮೂರು ವರ್ಷ. ಆಗ ನಿನಗೆ ಅರವತ್ತೈದು. ಕೈ ನಡುಗಿ ಯಾರ ಕಣ್ಣಿಗೋ ಚುಚ್ತೀಯ."

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಹಾಳೆ ಇಸಿದುಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು.

"ಈ ರೇಟೆಲ್ಲ ಸರಿಯಾಗಿದ್ಯಾ?"

"ಚೂರೂ ಹೆಚ್ಚುಕಮ್ಮಿ ಇಲ್ಲ!" ಎಂದು ಎದೆ ತಟ್ಟಿಕೊಂಡೆ.

"ನಮ್ಮ ಮದುವೆ ಆಗಿ ಎಷ್ಟು ವರ್ಷ ಆಯ್ತು?"

"ಹದಿನೇಳು."

"ತಿಂಗಳಿಗೆ ಮೂವತ್ತು ಸಾವಿರದ ಹಾಗೆ..." ಮೊಬೈಲಿನಲ್ಲಿ ಟಕಟಕ ಒತ್ತಿದಳು. "ಅರವತ್ತೊಂದು ಲಕ್ಷದ ಇಪ್ಪತ್ತು ಸಾವಿರ ರೀ. ನಿಮ್ಮ ಸಹಿ ಬೇರೆ ಇದೆ."

ನಾನು ತೋಡಿದ ಗುಂಡಿ ಎಷ್ಟು ಆಳವಿದೆಯೆಂದು ಆಗಲೇ ಗೊತ್ತಾದದ್ದು. ಆದರೂ ಗುಮಾಸ್ತನಲ್ಲವೇ, ಬಾಯಿ ಸುಮ್ಮನಿರಲಿಲ್ಲ.

"ನಮ್ಮ ಆಫೀಸಲ್ಲಿ ಮೂರು ವರ್ಷಕ್ಕಿಂತ ಹಳೇ ಕ್ಲೈಮು ತಗೊಳಲ್ಲ," ಎಂದೆ.

"ಒಪ್ಪಿದೆ. ಮೂರು ವರ್ಷದ್ದು ಹತ್ತು ಲಕ್ಷದ ಎಂಬತ್ತು ಸಾವಿರ. ನಾಳೆ ಮೊದಲ ಕಂತು, ಒಂದು ಲಕ್ಷ ಹದಿನೈದು ಸಾವಿರ, ಸಾಕು."

"ಮನೆಗೆಲಸ?"

"ಜನ ಇಡಿ, ಮೂವತ್ತು ಸಾವಿರ. ಇಲ್ಲಾಂದ್ರೆ ನೀವೇ ಮಾಡಿ, ಪುಕ್ಕಟೆ." ಇಷ್ಟು ಹೇಳಿದವಳ ದನಿ ಯಾಕೋ ತಗ್ಗಿತು. "ಹದಿನೇಳು ವರ್ಷದಲ್ಲಿ ನಾನು ಮಾಡೋದಕ್ಕೂ ಒಂದು ಬೆಲೆ ಇದೆ ಅಂತ ಯಾರೂ ಬರೆದುಕೊಟ್ಟಿರ್ಲಿಲ್ಲ ರೀ."

ನನಗೆ ನಾಚಿಕೆಯಾಯಿತು. ನಿಜವಾಗಿಯೂ ಆಯಿತು. ಚೆಕ್ಕು ಬರೆದು ಕೊಟ್ಟೆ. ಅವಳು ಅರ್ಜಿ ತುಂಬಿಸಲು ಒಳಗೆ ಹೋದಳು.

ಇಷ್ಟಕ್ಕೇ ಮುಗಿಯಿತಲ್ಲ ಎಂದು ನಿಟ್ಟುಸಿರು ಬಿಟ್ಟು ಪೆನ್ನು ಮುಚ್ಚುತ್ತಿದ್ದಾಗ, ಕಿಟಕಿಯ ಪಕ್ಕದ ಕುರ್ಚಿ ಕಿರ್ರೆಂದು ನನ್ನ ಮೇಜಿನ ಕಡೆಗೆ ಸರಿಯಿತು.

"ಮುಚ್ಬೇಡ್ವೋ, ಇನ್ನೊಂದು ಹಾಳೆ ತಗೋ," ಎಂದಳು ಅಮ್ಮ.

"ಯಾಕಮ್ಮಾ?"

"ನಾನೂ ಈ ಮನೇಲಿ ದುಡಿದಿಲ್ವಾ? ನಿಮ್ಮಪ್ಪ ಕೊಡದೇ ಹೋಗ್ಬಿಟ್ರು. ವಾರಸುದಾರ ನೀನೇ ತಾನೆ? ಆ ಮೂರು ವರ್ಷದ ಕಾನೂನೆಲ್ಲ ನನ್ನ ಹತ್ರ ಬೇಡ. ನೀನು ಹುಟ್ಟಿದ ದಿನದಿಂದ ಶುರು ಮಾಡು," ಎಂದು ಅಮ್ಮ ಕನ್ನಡಕ ಏರಿಸಿಕೊಂಡಳು. "ಹಾಂ, ಎರಡು ವರ್ಷ ಒಂದು ರಾತ್ರಿಯೂ ನಿದ್ದೆ ಮಾಡಿಲ್ಲ ನೀನು. ರಾತ್ರಿ ಪಾಳಿಗೆ ರೇಟು ಬೇರೆ ಹಾಕು."